ಬೇರೆ ಬ್ರ್ಯಾಂಡ್ ಆಯಿಲ್ ಹಾಕಿದ್ರೆ ವಾರಂಟಿ ಹೋಗುತ್ತಾ? ಲಾನ್ ಟ್ರ್ಯಾಕ್ಟರ್ ಇರೋರು ತಿಳಿಯಬೇಕಾದ್ದು

ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಬಹುದು.

ಮೆಟ್ರೋದಲ್ಲಿ ನಿಂತು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಅಮೆರಿಕದಲ್ಲಿರೋ ನಮ್ಮ ಕೇಳುಗರಿಂದ ಬಂದದ್ದು. ಆದರೆ ಬೈಕು, ಸ್ಕೂಟರು ಇಟ್ಟುಕೊಂಡಿರೋ ಊರಿನವರಿಗೂ ಇದರಲ್ಲಿ ಕೆಲಸಕ್ಕೆ ಬರೋ ಮಾತಿದೆ, ಹಾಗಾಗಿ ಸ್ಕಿಪ್ ಮಾಡ್ಬೇಡಿ.

ಪ್ರಶ್ನೆ ಇದು: ಹೊಸ ಲಾನ್ ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದೆ. ಅದಕ್ಕೆ ಕಂಪನಿಯದೇ ಆಯಿಲ್, ಕಂಪನಿಯದೇ ಫಿಲ್ಟರ್ ಹಾಕಬೇಕಾ? ಹೊರಗಿನದು ಹಾಕಿದ್ರೆ ವಾರಂಟಿ ರದ್ದಾಗುತ್ತಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಹೊರಗಿನದು ಹಾಕಿದ ಒಂದೇ ಕಾರಣಕ್ಕೆ ವಾರಂಟಿ ಹೋಗಲ್ಲ. ಆದರೆ ತಪ್ಪು ಅಳತೆಯದು, ತಪ್ಪು ದರ್ಜೆಯದು ಹಾಕಿ ಎಂಜಿನ್ ಹಾಳಾದ್ರೆ ಆ ರಿಪೇರಿ ಖರ್ಚು ನಿಮ್ಮದೇ. ನಿಮ್ಮನ್ನು ಕಾಯೋದು ಡಬ್ಬಿಯ ಮೇಲಿನ ಹೆಸರಲ್ಲ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಮತ್ತು ನಿಮ್ಮ ಹತ್ತಿರ ಇರೋ ರಸೀದಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಲಾನ್ ಟ್ರ್ಯಾಕ್ಟರ್ ಅಂದ್ರೆ

ಉಳುಮೆ ಮಾಡೋ ಟ್ರ್ಯಾಕ್ಟರ್ ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದು ಅದರ ಚಿಕ್ಕ ತಮ್ಮ. ಮೇಲೆ ಕೂತು ಓಡಿಸ್ತೀವಿ, ಹೊಟ್ಟೆಯ ಕೆಳಗೆ ಬ್ಲೇಡ್ ತಿರುಗುತ್ತೆ, ಹುಲ್ಲು ಕತ್ತರಿಸುತ್ತೆ. ನಾನಿರೋದು ನಾರ್ತ್ ಕೆರೊಲಿನಾದಲ್ಲಿ. ಇಲ್ಲಿ ಮಾರ್ಚ್ ಕಳೀತು ಅಂದ್ರೆ ಹುಲ್ಲು ವಾರ ವಾರ ಎದ್ದು ನಿಲ್ಲುತ್ತೆ. ಬಿಟ್ಟುಬಿಡೋಣ ಅಂದ್ರೆ ಬಡಾವಣೆಯ ಸಂಘದಿಂದಲೋ ನಗರ ಆಡಳಿತದಿಂದಲೋ ನೋಟಿಸ್ ಬರುತ್ತೆ. ಅಂಗಳ ಚಿಕ್ಕದಾಗಿದ್ರೆ ತಳ್ಳೋ ಮೆಷಿನ್ ಸಾಕು. ಮುಕ್ಕಾಲು ಎಕರೆ, ಒಂದು ಎಕರೆ ಇದ್ದೋರಿಗೆ ಇದು ಬೇಕೇ ಬೇಕು. ಬೆಲೆ ಸುಮಾರು ಎರಡು ಸಾವಿರ ಡಾಲರ್‌ನಿಂದ ಶುರು. ಎಂಜಿನ್ ಹೋದ್ರೆ ಹೊಸ ಎಂಜಿನ್, ಕೂಲಿ ಎಲ್ಲ ಸೇರಿ ಟ್ರ್ಯಾಕ್ಟರ್ ಬೆಲೆಯ ಅರ್ಧಕ್ಕೂ ಮೇಲೆ ಹೋಗಬಹುದು. ಆಗ ವಾರಂಟಿ ಇದೆಯೋ ಇಲ್ಲವೋ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ವಾರಂಟಿ ಅನ್ನೋದು ವರ್ಷದ ಲೆಕ್ಕ ಮಾತ್ರ ಅಲ್ಲ. ಜಾನ್ ಡಿಯರ್‌ನ 100 ಸರಣಿ ತಗೊಳ್ಳಿ, ಮನೆ ಬಳಕೆಗೆ 2 ವರ್ಷ ಅಥವಾ 120 ಗಂಟೆ, ಯಾವುದು ಮೊದಲೋ ಅದು. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಬೇರೆ ಕಂಪನಿಯದಾಗಿರುತ್ತೆ: ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್, ಕೊಹ್ಲರ್, ಕವಾಸಾಕಿ ಹೀಗೆ. ಆಗ ಎಂಜಿನ್‌ಗೆ ಪ್ರತ್ಯೇಕ ವಾರಂಟಿ ಪತ್ರ, ಪ್ರತ್ಯೇಕ ಮ್ಯಾನುಯಲ್ ಇರುತ್ತೆ. ಎರಡನ್ನೂ ಓದಿ. ಅಕ್ಕಪಕ್ಕದ ನಾಲ್ಕು ಮನೆ ಹುಲ್ಲು ದುಡ್ಡಿಗೆ ಕತ್ತರಿಸಿಕೊಟ್ರೆ ಅದು ವಾಣಿಜ್ಯ ಬಳಕೆ. ಮನೆ ಬಳಕೆಯ ವಾರಂಟಿ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸಲ್ಲ, ಅಥವಾ ಅವಧಿ ತುಂಬಾ ಕಡಿಮೆಯಾಗುತ್ತೆ.

1975ರ ಒಂದು ಕಾನೂನು

ಅಮೆರಿಕದಲ್ಲಿ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಅಂತ ಒಂದಿದೆ. 1975ರ ಜನವರಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ್ದು. ಅದರಲ್ಲಿ ಒಂದು ನಿಯಮ ನಮಗೆ ಬೇಕಾದ್ದು: ಗ್ರಾಹಕ ಇಂಥದ್ದೇ ಬ್ರ್ಯಾಂಡಿನ ಬಿಡಿಭಾಗ, ಇಂಥವರದೇ ಸರ್ವಿಸ್ ಬಳಸಬೇಕು ಅಂತ ವಾರಂಟಿಗೆ ಷರತ್ತು ಹಾಕೋ ಹಾಗಿಲ್ಲ. ಇದಕ್ಕೆ ಎರಡು ವಿನಾಯಿತಿ. ಆ ವಸ್ತುವನ್ನೋ ಸರ್ವಿಸನ್ನೋ ಕಂಪನಿ ಪುಕ್ಕಟೆ ಕೊಡ್ತಿದ್ರೆ ಸರಿ. ಅಥವಾ ಆ ವಸ್ತು ಇಲ್ಲದೆ ಯಂತ್ರ ಸರಿಯಾಗಿ ನಡೆಯೋದೇ ಇಲ್ಲ ಅಂತ ತೋರಿಸಿ, ಫೆಡರಲ್ ಟ್ರೇಡ್ ಕಮಿಷನ್, ಅಂದ್ರೆ ಎಫ್‌ಟಿಸಿ, ಇಂದ ಅನುಮತಿ ತಗೊಂಡಿದ್ರೆ ಸರಿ.

ಅಂದ್ರೆ ‘ನಮ್ಮ ಆಯಿಲ್ ಹಾಕದಿದ್ರೆ ವಾರಂಟಿ ಇಲ್ಲ’ ಅನ್ನಬೇಕು ಅಂದ್ರೆ, ಆ ಆಯಿಲನ್ನು ಅವರು ಬಿಟ್ಟಿ ಕೊಡಬೇಕು. ದುಡ್ಡು ತಗೊಂಡು ಮಾರ್ತಾ ಹಾಗೆ ಹೇಳೋ ಹಾಗಿಲ್ಲ.

ಈ ಕಾನೂನು ಬರೀ ಪುಸ್ತಕದಲ್ಲಿ ಮಲಗಿಲ್ಲ. 2015ರಲ್ಲಿ ಬಿಎಂಡಬ್ಲ್ಯುವಿನ ಮಿನಿ ಕಾರು ವಿಭಾಗದ ಮೇಲೆ ಎಫ್‌ಟಿಸಿ ಇದೇ ವಿಷಯಕ್ಕೆ ಕ್ರಮ ಕೈಗೊಂಡಿತು. 2018ರಲ್ಲಿ ಆರು ದೊಡ್ಡ ಕಂಪನಿಗಳಿಗೆ ಎಚ್ಚರಿಕೆ ಪತ್ರ ಹೋಯ್ತು. 2022ರಲ್ಲಿ ಮೂರು ಪ್ರಕರಣ ಬಂದವು: ಹಾರ್ಲೆ-ಡೇವಿಡ್‌ಸನ್ ಬೈಕು, ವೆಬರ್ ಗ್ರಿಲ್, ಮತ್ತು ವೆಸ್ಟಿಂಗ್‌ಹೌಸ್ ಹೆಸರಲ್ಲಿ ಜನರೇಟರ್ ಮಾರೋ ಕಂಪನಿ. ಹೊರಗಿನ ಬಿಡಿಭಾಗ ಬಳಸಿದ್ರೆ ವಾರಂಟಿ ರದ್ದಾಗಲ್ಲ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ ಅವರಿಗೆ ಆದೇಶ ಆಯ್ತು. ಜನರೇಟರ್ ಉದಾಹರಣೆ ಗಮನಿಸಿ. ಅದರೊಳಗಿರೋದೂ ನಮ್ಮ ಲಾನ್ ಟ್ರ್ಯಾಕ್ಟರ್ ಎಂಜಿನ್ ಜಾತಿಯದೇ, ಗಾಳಿಯಲ್ಲಿ ತಣಿಯೋ ಸಣ್ಣ ಪೆಟ್ರೋಲ್ ಎಂಜಿನ್.

ಕಾನೂನು ಎಲ್ಲಿ ಕೈಬಿಡುತ್ತೆ

ಇಷ್ಟು ಕೇಳಿ ಕೆಲವರು ಏನು ಮಾಡ್ತಾರೆ ಅಂದ್ರೆ, ‘ಆಹಾ, ಕಾನೂನೇ ಇದೆ’ ಅಂತ ಕೈಗೆ ಸಿಕ್ಕಿದ ಅಗ್ಗದ ಡಬ್ಬಿ ಸುರೀತಾರೆ. ತಡೀರಿ.

ಹೊರಗಿನ ಬಿಡಿಭಾಗವೇ ದೋಷದ್ದಾಗಿದ್ರೆ, ಅಥವಾ ನಾವು ಸರಿಯಾಗಿ ಕೂರಿಸದೆ ಇದ್ರೆ, ಅದರಿಂದ ಆದ ಹಾನಿಗೆ ಕಂಪನಿ ಜವಾಬ್ದಾರಿ ಅಲ್ಲ. ಹಾನಿ ಅದರಿಂದಲೇ ಆಯ್ತು ಅಂತ ತೋರಿಸೋ ಭಾರ ಮಾತ್ರ ಕಂಪನಿ ಮೇಲಿದೆ. ‘ಬೇರೆ ಫಿಲ್ಟರ್ ಕಾಣ್ತಿದೆ, ಅದಕ್ಕೇ ಕ್ಲೇಮ್ ಇಲ್ಲ’ ಅಂದ್ರೆ ಸಾಲದು. ಇನ್ನೊಂದು ವಿಷಯ, ಫಿಲ್ಟರ್‌ಗೂ ಸ್ಟೀರಿಂಗ್‌ಗೂ ಸಂಬಂಧ ಇಲ್ಲ. ಹೊರಗಿನ ಫಿಲ್ಟರ್ ಹಾಕಿದ್ದೀರಿ ಅಂತ ಸ್ಟೀರಿಂಗ್ ದೋಷದ ರಿಪೇರಿಯನ್ನ ನಿರಾಕರಿಸೋ ಹಾಗಿಲ್ಲ.

ಕಂಪನಿಯವರು ಇದನ್ನ ತೋರಿಸ್ತಾರೆ ಹೇಗೆ? ಎಂಜಿನ್ ಬಿಚ್ಚಿ. ಬಿಚ್ಚಿದ ಎಂಜಿನ್ ಸುಳ್ಳು ಹೇಳಲ್ಲ. ಧೂಳು ಒಳಗೆ ಹೋಗಿದ್ರೆ ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್ ಸವೆದಿರೋ ರೀತಿಯೇ ಬೇರೆ. ಆಯಿಲ್ ಸಾಲದೆ ಓಡಿಸಿದ್ರೆ ಕನೆಕ್ಟಿಂಗ್ ರಾಡ್ ಗೀರಿಕೊಂಡು, ಬಿಸಿಗೆ ಬಣ್ಣ ಬದಲಾಗಿರುತ್ತೆ. ಆಯಿಲ್ ಬದಲಾಯಿಸದೇ ಇದ್ರೆ ಒಳಗೆಲ್ಲ ಕಪ್ಪು ಜಿಡ್ಡು ಕಟ್ಟಿರುತ್ತೆ. ಇವನ್ನ ಓದೋಕೆ ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಇರ್ತಾರೆ. ಹಾಗಾಗಿ ಯುದ್ಧ ಗೆಲ್ಲೋದು ಕೌಂಟರ್ ಮುಂದೆ ಅಲ್ಲ, ಮನೆಯ ಶೆಡ್‌ನಲ್ಲಿ.

ಆಯಿಲ್ ಡಬ್ಬಿ ಓದೋದು ಹೇಗೆ

ಟ್ರ್ಯಾಕ್ಟರ್ ಕಂಪನಿಗಳು ಸಾಮಾನ್ಯವಾಗಿ ತಾವೇ ಆಯಿಲ್ ತಯಾರಿಸಲ್ಲ. ಆಯಿಲ್ ಕಂಪನಿಗಳಿಂದ ಮಾಡಿಸಿ ತಮ್ಮ ಹೆಸರು ಹಾಕ್ತವೆ. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಒಳ್ಳೆಯದೇ. ಆದರೆ ಅದೇ ಮಾನದಂಡದ ಬೇರೆ ಆಯಿಲ್ ಅದೇ ಕೆಲಸ ಮಾಡುತ್ತೆ. ಡಬ್ಬಿ ಹಿಂದೆ ವಡೆ ಆಕಾರದ ಒಂದು ಗುರುತು ಹುಡುಕಿ. ಹೌದು, ನಡುವೆ ತೂತಿರೋ ಉದ್ದಿನ ವಡೆ. ಅದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದ್ರೆ ಎಪಿಐ ಮುದ್ರೆ. ಅದರಲ್ಲಿ ಎರಡು ಸಂಗತಿ ನೋಡಿ.

ಮೇಲ್ಗಡೆ ದರ್ಜೆ. ಪೆಟ್ರೋಲ್ ಎಂಜಿನ್‌ಗೆ ‘ಎಸ್’ ಅಕ್ಷರ, ಆಮೇಲೆ ಇನ್ನೊಂದು ಅಕ್ಷರ. ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸದು. ಎಸ್‌ಪಿ ಬಂದದ್ದು 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಲಾನ್ ಟ್ರ್ಯಾಕ್ಟರ್ ಮ್ಯಾನುಯಲ್‌ನಲ್ಲಿ ‘ಎಸ್‌ಜೆ ಅಥವಾ ಅದಕ್ಕಿಂತ ಮೇಲಿನದು’ ಅನ್ನೋ ಥರದ ಸಾಲು ಇರುತ್ತೆ. ಹಾಗಿದ್ರೆ ಎಸ್‌ಎನ್, ಎಸ್‌ಪಿ ಎರಡೂ ನಡೆಯುತ್ತೆ. ಎಚ್ಚರ ಯಾವುದಕ್ಕೆ ಅಂದ್ರೆ, ಎಸ್‌ಎ ಅನ್ನೋ ತೀರಾ ಹಳೇ ದರ್ಜೆಗೆ. ಅದು 1930ಕ್ಕಿಂತ ಹಿಂದಿನ ಎಂಜಿನ್‌ಗಳ ಕಾಲದ್ದು, ಅದರಲ್ಲಿ ರಕ್ಷಕ ರಾಸಾಯನಿಕಗಳೇ ಇಲ್ಲ. ಇಂಥ ಅಗ್ಗದ ಡಬ್ಬಿಗಳು ಈ ಕಾಲದಲ್ಲೂ ಅಂಗಡಿ ಕಪಾಟಿಗೆ ಬಂದಿವೆ. ಮುಂದೆ ಚಂದದ ಎಂಜಿನ್ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ. ಮುದ್ರೆ ಇಲ್ಲದ ಡಬ್ಬಿ ವಾಪಸ್ ಇಡಿ.

ವಡೆಯ ನಡುವೆ ಇರೋದು ಮಂದತನ, ಅಂದ್ರೆ ಎಸ್‌ಎಇ ಸಂಖ್ಯೆ. 10ಡಬ್ಲ್ಯು-30 ಅಂದ್ರೆ ಡಬ್ಲ್ಯು ಹಿಂದಿನ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ, ಕೊನೆಯ 30 ಬಿಸಿ ಎಂಜಿನ್‌ನಲ್ಲಿ ಎಷ್ಟು ಮಂದ ಇರುತ್ತೆ ಅನ್ನೋದಕ್ಕೆ. ಬರೀ ಎಸ್‌ಎಇ 30 ಅಂದ್ರೆ ಚಳಿಗೆ ಪ್ರತ್ಯೇಕ ಅಳತೆ ಇಲ್ಲದ, ಬೆಚ್ಚಗಿನ ಹವೆಯ ಆಯಿಲ್.

ಕಾರಿನ ಅಭ್ಯಾಸ ಇಲ್ಲಿ ಕೈ ಕೊಡುತ್ತೆ. ಇವತ್ತಿನ ಎಷ್ಟೋ ಕಾರುಗಳು 0ಡಬ್ಲ್ಯು-20 ಕುಡಿಯುತ್ತವೆ. ಗ್ಯಾರೇಜ್‌ನಲ್ಲಿ ಉಳಿದಿದೆ ಅಂತ ಅದನ್ನೇ ಟ್ರ್ಯಾಕ್ಟರ್‌ಗೆ ಸುರಿಯೋಕೆ ಹೋಗ್ಬೇಡಿ. ಕಾರಿಗೆ ರೇಡಿಯೇಟರ್ ಇದೆ, ನೀರು ತಣಿಸುತ್ತೆ. ಲಾನ್ ಟ್ರ್ಯಾಕ್ಟರ್‌ನ ಸಾಮಾನ್ಯ ಎಂಜಿನ್‌ಗೆ ಗಾಳಿಯೇ ಗತಿ. ಬೇಸಿಗೆಯ ಬಿಸಿಲಲ್ಲಿ, ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು, ಒಂದು ಗಂಟೆ ಬಿಡದೆ. ಅಲ್ಲಿ ಆಯಿಲ್ ಬರೀ ಜಾರಿಸೋ ಕೆಲಸ ಮಾಡಲ್ಲ, ತಣಿಸೋ ಕೆಲಸವನ್ನೂ ಮಾಡುತ್ತೆ.

ಮ್ಯಾನುಯಲ್‌ನಲ್ಲಿ ಉಷ್ಣಾಂಶದ ಒಂದು ಪಟ್ಟಿ ಇರುತ್ತೆ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಪಟ್ಟಿಯಲ್ಲಿ ಎಸ್‌ಎಇ 30 ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲಿನ ಹವೆಗೆ. 10ಡಬ್ಲ್ಯು-30 ಹಾಕಿ 27 ಡಿಗ್ರಿ ಮೇಲೆ ಓಡಿಸಿದ್ರೆ ಆಯಿಲ್ ಹೆಚ್ಚು ಖರ್ಚಾಗಬಹುದು, ಮಟ್ಟ ಆಗಾಗ ನೋಡ್ತಿರಿ ಅಂತ ಅವರೇ ಹೇಳ್ತಾರೆ. ಟೆಕ್ಸಸ್‌ನಲ್ಲಿರೋರಿಗೂ ಮಿನೆಸೋಟದಲ್ಲಿರೋರಿಗೂ ಒಂದೇ ಉತ್ತರ ಅಲ್ಲ. ಕವಾಸಾಕಿ, ಕೊಹ್ಲರ್ ಎಂಜಿನ್ ಇದ್ರೆ ಅವರ ಪಟ್ಟಿ ನೋಡಿ.

ಆಯಿಲ್ ಜೊತೆ ಬೆರೆಸೋ ‘ಮ್ಯಾಜಿಕ್’ ಬಾಟಲಿಗಳು ಬೇಡ. ವಿಶೇಷ ಸೇರ್ಪಡೆ ಹಾಕಬೇಡಿ ಅಂತ ಮ್ಯಾನುಯಲ್ ಹೇಳಿದ್ಮೇಲೆ, ಹಾಕಿದ್ರೆ ನಮ್ಮ ಕೈಯಾರೆ ಅವರಿಗೆ ಕಾರಣ ಕೊಟ್ಟ ಹಾಗೆ.

ಆಯಿಲ್ ಫಿಲ್ಟರ್: ನೋಡೋಕೆ ಒಂದೇ ಥರ, ಒಳಗೆ ಬೇರೆ

ಫಿಲ್ಟರ್ ವಿಷಯದಲ್ಲಿ ನನಗೆ ಆಯಿಲ್‌ಗಿಂತ ಹೆಚ್ಚು ಭಯ. ಯಾಕಂದ್ರೆ ಹೊರಗಿಂದ ಎಲ್ಲ ಒಂದೇ ಡಬ್ಬಿ.

ಮೊದಲನೆಯದು ತಿರುಪು. ಮುಕ್ಕಾಲು ಇಂಚಿನ ತಿರುಪು ಅಂದ್ರೆ 19.05 ಮಿಲಿಮೀಟರ್. ಇನ್ನೊಂದು ಅಳತೆ 20 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರ್‌ಗೂ ಕಡಿಮೆ, ತಿರುಪಿನ ಸಾಲುಗಳೂ ಹತ್ತಿರ ಹತ್ತಿರ. 20ರ ಫಿಲ್ಟರ್ ಮುಕ್ಕಾಲು ಇಂಚಿನ ಮೊಳೆಗೆ ಹತ್ತಿದ ಹಾಗೇ ಅನ್ನಿಸುತ್ತೆ, ಆದರೆ ಸಡಿಲ. ಓಡ್ತಾ ಓಡ್ತಾ ಕಳಚಿಕೊಂಡು ಆಯಿಲ್ ಪೂರ್ತಿ ಹೊರಗೆ ಸುರಿದ್ರೆ ಎಂಜಿನ್‌ಗೆ ಉಳಿಯೋದು ಕೆಲವೇ ನಿಮಿಷ.

ಎರಡನೆಯದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಚಳಿಗೆ ಆಯಿಲ್ ಗಟ್ಟಿಯಾದಾಗ ಈ ವಾಲ್ವ್ ತೆರೆದು ಶೋಧಿಸದ ಆಯಿಲನ್ನೇ ಎಂಜಿನ್‌ಗೆ ಬಿಡುತ್ತೆ. ಆಯಿಲೇ ಇಲ್ಲದಿರೋದಕ್ಕಿಂತ ಕೊಳೆ ಆಯಿಲ್ ವಾಸಿ ಅನ್ನೋ ಲೆಕ್ಕ. ಅದು ಎಷ್ಟು ಒತ್ತಡಕ್ಕೆ ತೆರೀಬೇಕು ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಕಾರಿನ ಫಿಲ್ಟರ್ ತಿರುಪು ಹೊಂದಿತು ಅಂತ ಇಲ್ಲಿ ಹಾಕಿದ್ರೆ ಈ ಲೆಕ್ಕ ತಪ್ಪಬಹುದು.

ಮೂರನೆಯದು, ಎಂಜಿನ್ ನಿಲ್ಲಿಸಿದಾಗ ಆಯಿಲ್ ಫಿಲ್ಟರ್‌ನಿಂದ ಹಿಂದಕ್ಕೆ ಇಳಿದುಹೋಗದ ಹಾಗೆ ತಡೆಯೋ ರಬ್ಬರ್ ವಾಲ್ವ್. ಇದು ಕಳಪೆಯಾಗಿದ್ರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಮೊದಲ ಕೆಲ ಕ್ಷಣ ಎಂಜಿನ್ ಒಣಗಿ ಓಡುತ್ತೆ.

ಹಾಗಾದ್ರೆ ಹೇಗೆ ಆರಿಸೋದು? ‘ಇದರ ಥರಾನೇ ಕಾಣ್ತಿದೆ’ ಅಂತ ಅಲ್ಲ. ಮೂಲ ಫಿಲ್ಟರಿನ ಪಾರ್ಟ್ ನಂಬರ್ ಮತ್ತು ಎಂಜಿನ್ ಮಾಡೆಲ್ ನಂಬರ್ ಇಟ್ಟುಕೊಂಡು, ಹೆಸರಿರೋ ಫಿಲ್ಟರ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಹುಡುಕಿ. ಟ್ರ್ಯಾಕ್ಟರ್ ಮಾಡೆಲ್ ಸಾಲಲ್ಲ, ಎಂಜಿನ್ ಮೇಲೆ ಅಚ್ಚಾಗಿರೋ ನಂಬರ್ ಬೇಕು. ಹೆಸರಿಲ್ಲದ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಆರರ ಪ್ಯಾಕ್ ಅಗ್ಗಕ್ಕೆ ಸಿಗುತ್ತೆ ಅಂತ ತರಿಸಬೇಡಿ, ನಕಲಿ ಮಾಲು ಅಲ್ಲೇ ಹೆಚ್ಚು ಓಡಾಡೋದು. ನನ್ನ ಲೆಕ್ಕ ಇಷ್ಟೇ: ಆಯಿಲನ್ನ ಅಂಗಡಿಯಿಂದ ಕೊಳ್ತೀನಿ, ಹೊಂದಾಣಿಕೆ ಪಕ್ಕಾ ಇಲ್ಲ ಅಂದ್ರೆ ಫಿಲ್ಟರನ್ನ ಮಾತ್ರ ಎಂಜಿನ್ ಕಂಪನಿಯದೇ ತಗೋತೀನಿ. ಕೆಲವೇ ಡಾಲರ್ ವ್ಯತ್ಯಾಸಕ್ಕೆ ನಿದ್ದೆ ಕಳ್ಕೊಳ್ಳೋದು ಬೇಡ.

ಏರ್ ಫಿಲ್ಟರ್: ಎಲ್ಲರೂ ಮರೆಯೋದು

ಒಣ ಹುಲ್ಲಿನ ಮೇಲೆ ಓಡಿಸುವಾಗ ಎದ್ದ ಧೂಳು ನೋಡಿದ್ದೀರಲ್ಲ, ಆ ಮೋಡದ ಮಧ್ಯೆ ಕೂತು ಎಂಜಿನ್ ಉಸಿರಾಡುತ್ತೆ. ಕಾಗದದ ಫಿಲ್ಟರ್ ಗೂಡಿಗೆ ಸುತ್ತಲೂ ಬಿಗಿಯಾಗಿ ಕೂರಬೇಕು. ಹೊರಗಿನ ಫಿಲ್ಟರ್ ಒಂದೆರಡು ಮಿಲಿಮೀಟರ್ ಚಿಕ್ಕದಾಗಿ ಅಂಚಲ್ಲಿ ಸಂದು ಬಿಟ್ರೆ ಸಾಕು, ಧೂಳು ಶೋಧನೆ ಇಲ್ಲದೆ ನೇರ ಒಳಗೆ. ಆಗ ಎಂಜಿನ್ ಬಿಚ್ಚಿದವರಿಗೆ ಸಾಕ್ಷಿ ತಾನಾಗೇ ಸಿಗುತ್ತೆ. ಕೂರಿಸಿದ ಮೇಲೆ ಅಂಚಿನ ಸುತ್ತ ಬೆರಳಾಡಿಸಿ ನೋಡಿ. ಏರ್ ಕಂಪ್ರೆಸರ್ ಹಿಡಿದು ಕಾಗದದ ಫಿಲ್ಟರ್ ಊದಬೇಡಿ, ಕಣ್ಣಿಗೆ ಕಾಣದ ತೂತು ಬೀಳುತ್ತೆ.

ರಸೀದಿ, ಫೋಟೋ, ಗಂಟೆ

ನಿಮ್ಮ ಕೈಯಲ್ಲಿರೋ ಫೋನೇ ಇಲ್ಲಿ ದೊಡ್ಡ ಆಯುಧ. ಪ್ರತಿ ಸಲ ಆಯಿಲ್ ಬದಲಾಯಿಸಿದಾಗ ನಾಲ್ಕು ಫೋಟೋ: ಗಂಟೆ ಮೀಟರ್, ಆಯಿಲ್ ಡಬ್ಬಿಯ ಹಿಂಭಾಗ, ಫಿಲ್ಟರಿನ ಪಾರ್ಟ್ ನಂಬರ್, ಅಂಗಡಿ ರಸೀದಿ. ರಸೀದಿಯ ಶಾಯಿ ಒಂದು ಬೇಸಿಗೆಗೆ ಮಾಸಿಹೋಗುತ್ತೆ, ಫೋಟೋ ಮಾಸಲ್ಲ. ಎಲ್ಲವನ್ನೂ ಒಂದೇ ಆಲ್ಬಮ್‌ನಲ್ಲಿ ಇಡಿ.

ಎಷ್ಟು ಗಂಟೆಗೆ ಬದಲಾಯಿಸಬೇಕು ಅನ್ನೋದು ಮ್ಯಾನುಯಲ್‌ನಲ್ಲಿದೆ. ಎಂಜಿನ್ ನೋಡಿಕೊಂಡು 50 ಅಥವಾ 100 ಗಂಟೆ ಅಂತ ಇರೋದು ಸಾಮಾನ್ಯ, ಇಲ್ಲವಾದ್ರೆ ವರ್ಷಕ್ಕೊಮ್ಮೆ. ಕೆಲವು ಹೊಸ ಎಂಜಿನ್‌ಗಳಿಗೆ ಮೊದಲ 5 ಅಥವಾ 8 ಗಂಟೆಗೇ ಒಂದು ಬದಲಾವಣೆ ಕೇಳ್ತಾರೆ. ಜನ ತಪ್ಪಿಸೋದು ಹೆಚ್ಚಾಗಿ ಇದನ್ನೇ.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಎಥೆನಾಲ್ ಶೇ 10 ದಾಟಿದ ಇಂಧನ ಈ ಎಂಜಿನ್‌ಗಳಿಗೆ ಬೇಡ. ಬಂಕ್‌ನಲ್ಲಿ ಶೇ 15ರ ಪಂಪ್ ಅಗ್ಗ ಕಾಣುತ್ತೆ, ಆದರೆ ಅಮೆರಿಕದಲ್ಲಿ ಅದನ್ನ ಇಂಥ ಸಣ್ಣ ಎಂಜಿನ್‌ಗಳಿಗೆ ಹಾಕೋಕೆ ಕಾನೂನಿನ ಅನುಮತಿಯೇ ಇಲ್ಲ.

ಕೌಂಟರ್‌ನಲ್ಲಿ ಏನು ಹೇಳ್ಬೇಕು

ಒಂದು ಡೀಲರ್ ಅಂಗಡಿಯಲ್ಲಿ ನನಗೂ ಈ ಮಾತು ಬಂತು: ‘ನಮ್ಮ ಕಿಟ್ ಹಾಕದಿದ್ರೆ ವಾರಂಟಿ ನಿಲ್ಲುತ್ತೆ.’ ನಾನು ಜಗಳ ಆಡ್ಲಿಲ್ಲ. ‘ಸರಿ, ಅದನ್ನ ಬರೆದುಕೊಡಿ, ಜೊತೆಗೆ ವಾರಂಟಿ ಪತ್ರದಲ್ಲಿ ಆ ಸಾಲು ಎಲ್ಲಿದೆ ತೋರಿಸಿ’ ಅಂದೆ. ಅವರು ಒಳಗೆ ಹೋಗಿ ಮ್ಯಾನುಯಲ್ ತಂದ್ರು. ಅದರಲ್ಲಿದ್ದದ್ದು ‘ಶಿಫಾರಸು ಮಾಡುತ್ತೇವೆ’ ಅನ್ನೋ ಪದ. ಶಿಫಾರಸು ಬೇರೆ, ಷರತ್ತು ಬೇರೆ. ಅಲ್ಲಿಗೆ ಮಾತು ಮುಗೀತು.

ನಿಜವಾಗಿ ಕ್ಲೇಮ್ ತಿರಸ್ಕಾರವಾದ್ರೆ ಕಾರಣವನ್ನ ಲಿಖಿತವಾಗಿ ಕೇಳಿ. ಹಳೆ ಫಿಲ್ಟರ್ ಎಸೆಯೋಕೆ ಬಿಡಬೇಡಿ. ಡೀಲರ್ ದಾಟಿ ತಯಾರಕರಿಗೆ ಬರೆಯಿರಿ. ಆಮೇಲೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿ, ಎಫ್‌ಟಿಸಿ. ಎಫ್‌ಟಿಸಿ ಒಬ್ಬೊಬ್ಬರ ವ್ಯಾಜ್ಯ ಬಗೆಹರಿಸಿಕೊಡಲ್ಲ, ಆದರೆ ದೂರುಗಳು ಸೇರಿದಾಗಲೇ ಕ್ರಮ ಆಗೋದು. ಸಣ್ಣ ಮೊತ್ತದ ದಾವೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಮ್ಯಾಗ್ನುಸನ್-ಮಾಸ್ ಕಾಯ್ದೆಯಡಿ ಗೆದ್ದರೆ ವಕೀಲರ ಶುಲ್ಕವನ್ನೂ ಕಂಪನಿಯಿಂದ ಕೇಳಬಹುದು. ಕಂಪನಿಗಳು ಗಂಭೀರವಾಗಿ ತಗೊಳ್ಳೋಕೆ ಅದೂ ಒಂದು ಕಾರಣ.

ಊರಲ್ಲಿ ಬೈಕ್ ಇಟ್ಟವರಿಗೆ

ಭಾರತದಲ್ಲೂ ಈ ಜಗಳ ನಡೆದಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದರು ಅನ್ನೋದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಅನ್ನೋ ಷರತ್ತು ಹಾಕಬೇಡಿ ಅಂತಲೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಪ್ರಕರಣ ವರ್ಷಗಟ್ಟಲೆ ಎಳೆಯಿತು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ತಕರಾರಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಮೆರಿಕದ ಕಾಯ್ದೆಯನ್ನ ಹಾಗೇ ಇಲ್ಲಿಗೆ ತಂದು ಹಚ್ಚೋಕೆ ಆಗಲ್ಲ. ಹಾಗಾಗಿ ನಿಮ್ಮ ವಾರಂಟಿ ಪುಸ್ತಕದಲ್ಲಿರೋ ಸರ್ವಿಸ್ ಷರತ್ತು ಓದಿಯೇ ಹೆಜ್ಜೆ ಇಡಿ. ಆದರೆ ಆಯಿಲಿನ ಪಾಠ ಒಂದೇ. ಗೇರ್ ಬೈಕಿನಲ್ಲಿ ಸಾಮಾನ್ಯವಾಗಿ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಅದಕ್ಕೆ ಜಾಸೊ ಎಂಎ ಗುರುತಿನ ಆಯಿಲ್ ಬೇಕು. ಗೇರ್ ಇಲ್ಲದ ಸ್ಕೂಟರ್‌ಗೆ ಎಂಬಿ. ‘ದುಬಾರಿ ಆಯಿಲ್, ಅಂದ್ಮೇಲೆ ಒಳ್ಳೇದೇ’ ಅಂತ ಕಾರಿನ ಆಯಿಲ್ ಬೈಕಿಗೆ ಹಾಕಿದ್ರೆ ಕ್ಲಚ್ ಜಾರೋಕೆ ಶುರುವಾಗಬಹುದು. ಬೆಲೆ ಅಲ್ಲ, ಬ್ರ್ಯಾಂಡ್ ಅಲ್ಲ, ಗುರುತು ನೋಡಿ.

ಕೊನೆಗೆ ನೆನಪಿಟ್ಟುಕೊಳ್ಳೋಕೆ ಮೂರೇ ಮಾತು. ಮ್ಯಾನುಯಲ್‌ನಲ್ಲಿ ಬರೆದಿರೋ ದರ್ಜೆ ಮತ್ತು ಅಳತೆ ಹೊಂದಬೇಕು. ಬರೆದಿರೋ ಗಂಟೆಗೆ ಬದಲಾಯಿಸಬೇಕು. ಬದಲಾಯಿಸಿದ್ದಕ್ಕೆ ಪುರಾವೆ ಇರಬೇಕು. ಈ ಮೂರಿದ್ರೆ ಡಬ್ಬಿ ಮೇಲೆ ಯಾರ ಹೆಸರಿದ್ರೂ ನೀವು ಧೈರ್ಯವಾಗಿ ಕೌಂಟರ್ ಮುಂದೆ ನಿಲ್ಲಬಹುದು. ಮೂರರಲ್ಲಿ ಒಂದು ಇಲ್ಲದಿದ್ರೆ, ಕಂಪನಿಯದೇ ಆಯಿಲ್ ಹಾಕಿದ್ರೂ ಕಷ್ಟವೇ.

ನಿಮ್ಮ ಮನೆಯ ಯಾವುದಾದ್ರೂ ಯಂತ್ರದ ವಾರಂಟಿ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ತಗೊಳ್ಳೋಣ. ಅಲ್ಲಿವರೆಗೂ ಬ್ಲೇಡ್ ಹತ್ತಿರ ಕೈ ಇಡಬೇಡಿ, ರಸೀದಿ ಎಸೆಯಬೇಡಿ. ಸಿಗೋಣ.